ತಪ್ಪಿದ ದಿನದ ಮರುದಿನ

ಕ್ರಿಸ್ತನಲ್ಲಿ ಪ್ರಿಯ ಸಹೋದರಿಯವರೇ,

ವಂದನೆಗಳು. ನಿಮ್ಮ ದೀರ್ಘ ಪತ್ರ ತಲುಪಿತು. ಉಳಿದ ಓದುಗರಿಗಾಗಿ ಅದರ ಸಾರಾಂಶವನ್ನು ಮೊದಲು ಕೊಡುತ್ತೇನೆ. ಪ್ರತಿ ಹೊಸ ವರ್ಷದ ಆರಂಭದಲ್ಲಿ ನೀವು ವರ್ಷದೊಳಗೆ ಸತ್ಯವೇದವನ್ನು (ಬೈಬಲನ್ನು) ಓದಿ ಮುಗಿಸುವ, ಬೆಳಿಗ್ಗೆ ಒಂದು ಗಂಟೆ ಪ್ರಾರ್ಥಿಸುವ, ಶುಕ್ರವಾರ ಉಪವಾಸವಿರುವ ತೀರ್ಮಾನ ಮಾಡುತ್ತೀರಿ. ಅದರ ಮೂರನೆಯ ಪುಸ್ತಕವಾದ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಎಲ್ಲವೂ ನಿಂತುಹೋಗುತ್ತದೆ. ಕೆಲಸದ ಜೊತೆಗೆ ಹಾಸಿಗೆ ಹಿಡಿದಿರುವ ತಾಯಿಯವರ ಆರೈಕೆಯೂ ನಿಮ್ಮ ಮೇಲಿದೆ, ಪ್ರಾರ್ಥನೆಗೆ ಮೊಣಕಾಲೂರಿದ ಕೂಡಲೇ ಅವರು ಕರೆಯುತ್ತಾರೆ. ಗುರಿಯಿಟ್ಟುಕೊಂಡು ಬಾಳಬೇಕೆಂದು ಎಲ್ಲರೂ ಬೋಧಿಸುತ್ತಾರೆ. ಆದರೆ ಬೆಳವಣಿಗೆ ದೇವರ ಕೃಪೆಯಿಂದಲೇ ಆಗುವುದಾದರೆ ನಮ್ಮ ಯೋಜನೆಗೆ ಅಲ್ಲಿ ಏನು ಕೆಲಸ, ಬೆಳೆಯುತ್ತಿದ್ದೇನೆಂದು ತಿಳಿಯುವುದಾದರೂ ಹೇಗೆ ಎಂಬುದು ನಿಮ್ಮ ಪ್ರಶ್ನೆ. ಯಾಜಕಕಾಂಡವನ್ನು ಬಿಟ್ಟು ಮುಂದೆ ಹೋಗಬಹುದೇ ಎಂದೂ ಕೊನೆಯಲ್ಲಿ ಕೇಳಿದ್ದೀರಿ.

ಕೃಪೆಯ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅಪೊಸ್ತಲ ಪೌಲನೇ ಅದನ್ನು ಬಗೆಹರಿಸಿದ್ದಾನೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ ಎಂದವನು, ಮುಂದಿನ ವಚನದಲ್ಲೇ ನಿಮ್ಮಲ್ಲಿ ಉದ್ದೇಶವನ್ನೂ ಪ್ರಯತ್ನವನ್ನೂ ಉಂಟುಮಾಡುವವನು ದೇವರೇ ಎನ್ನುತ್ತಾನೆ. ದೇವರು ಮಾಡುತ್ತಾನಾದ್ದರಿಂದ ನೀವು ಸುಮ್ಮನಿರಿ ಎಂದು ಅವನು ಬರೆಯಲಿಲ್ಲ. ನಿಮ್ಮಲ್ಲಿ ಹುಟ್ಟಿರುವ ಈ ಹಂಬಲವೇ ಕೃಪೆಯ ಕೆಲಸ. ಅದಕ್ಕೆ ದಿನದಲ್ಲಿ ಒಂದು ಹೊತ್ತನ್ನೂ ಒಂದು ಜಾಗವನ್ನೂ ಗೊತ್ತುಮಾಡಿಕೊಡುವುದು ನಿಮ್ಮ ಕೆಲಸ. ಇಷ್ಟಕ್ಕಿಂತ ಹೆಚ್ಚಿನ ವಾದ ಇಲ್ಲಿ ಬೇಡವೆಂದು ನನ್ನ ಅಭಿಪ್ರಾಯ.

ನಿಜವಾದ ತೊಡಕು ಬೇರೆ ಕಡೆ ಇದೆ, ಅದನ್ನು ನಿಮ್ಮ ಪತ್ರವೇ ತೋರಿಸುತ್ತದೆ. ಅರವತ್ತಾರು ಪುಸ್ತಕಗಳ ಸತ್ಯವೇದದಲ್ಲಿ 1189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಓದಬೇಕು. ಆದಿಕಾಂಡದ 50, ವಿಮೋಚನಕಾಂಡದ 40 ಅಧ್ಯಾಯಗಳು ಮುಗಿಯುವ ಹೊತ್ತಿಗೆ ತಿಂಗಳು ಸಮೀಪಿಸಿರುತ್ತದೆ, ಹೊಸ ವರ್ಷದ ಹುರುಪು ಇಳಿದಿರುತ್ತದೆ, ಕಥೆ ನಿಂತು ಯಜ್ಞಗಳ ವಿಧಿ ಶುರುವಾಗಿರುತ್ತದೆ. ಅದೇ ಸಮಯಕ್ಕೆ ತಾಯಿಯವರಿಗೆ ಜ್ವರ ಬಂದು ಹತ್ತು ದಿನ ಓದು ತಪ್ಪಿತೆನ್ನಿ. ಹನ್ನೊಂದನೆಯ ದಿನ ಪುಸ್ತಕ ತೆರೆಯುವಾಗ ಮೂವತ್ತಕ್ಕೂ ಹೆಚ್ಚು ಅಧ್ಯಾಯಗಳ ಬಾಕಿ ನಿಮ್ಮನ್ನು ನೋಡುತ್ತಿರುತ್ತದೆ. ಆ ಕ್ಷಣದಿಂದ ದೇವರ ವಾಕ್ಯ ತೀರಿಸಬೇಕಾದ ಸಾಲವಾಗಿಬಿಡುತ್ತದೆ, ಸಾಲಗಾರನಿಗೆ ತಲೆತಪ್ಪಿಸಿಕೊಳ್ಳುವುದೇ ಸುಲಭದ ದಾರಿ. ನಿಮ್ಮ ಭಕ್ತಿ ಕಡಿಮೆಯಾಯಿತೆಂದು ನೀವು ಕೊರಗುತ್ತಿದ್ದೀರಿ, ಆದರೆ ತಪ್ಪಿದ ದಿನಕ್ಕೆ ಜಾಗವೇ ಇಲ್ಲದ ಯೋಜನೆಯನ್ನು ನೀವು ಹಾಕಿಕೊಂಡಿದ್ದಿರಿ ಎಂದು ನನಗನಿಸುತ್ತದೆ.

ಈ ಅಪಾಯ ಹೊಸದೇನಲ್ಲ. ಸ್ಕಾಟ್ಲೆಂಡಿನ ಡಂಡೀ ನಗರದ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರ ಕೊನೆಯಲ್ಲಿ ತಮ್ಮ ಸಭೆಯವರಿಗೆ ವರ್ಷದ ಓದಿನ ಪಟ್ಟಿಯೊಂದನ್ನು ಸಿದ್ಧಪಡಿಸಿ ಕೊಟ್ಟರು. ಹಳೆ ಒಡಂಬಡಿಕೆ ಒಮ್ಮೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಮುಗಿಯುವ ಆ ಪಟ್ಟಿಯನ್ನು ಇಂದಿಗೂ ಅನೇಕರು ಅನುಸರಿಸುತ್ತಾರೆ. ಪಟ್ಟಿಯ ಜೊತೆಗೇ ಅವರು ಅದರ ಅಪಾಯಗಳನ್ನೂ ಬರೆದಿದ್ದರೆಂಬುದು ಮಾತ್ರ ಹೆಚ್ಚು ಜನರಿಗೆ ನೆನಪಿಲ್ಲ: ಓದು ಬರೀ ಆಚಾರವಾಗುವುದು, ಓದಿದೆನಾದ್ದರಿಂದ ನಾನು ನೀತಿವಂತ ಎಂಬ ಹೆಮ್ಮೆ ಬೆಳೆಯುವುದು, ಗಮನವಿಲ್ಲದೆ ಪುಟ ತಿರುವುವುದು, ಮತ್ತು ಕೆಲವರಿಗೆ ಇದು ಹೊರಲಾರದ ನೊಗವಾಗುವುದು. ಪಟ್ಟಿ ಮಾಡಿದವರೇ ಹೊರಲಾರದ ನೊಗ ಎಂಬ ಮಾತಾಡಿರುವಾಗ, ಅದನ್ನು ಇಳಿಸಿದ್ದಕ್ಕೆ ನೀವು ತಲೆ ತಗ್ಗಿಸಬೇಕಾಗಿಲ್ಲ.

ಇನ್ನೂ ಹಳೆಯದೊಂದು ವ್ಯವಸ್ಥೆ ನಿಮಗೆ ಹೆಚ್ಚು ನೆರವಾದೀತು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗಾಗಿ ಬರೆದ ನಿಯಮಾವಳಿ ಬಹಳ ಕಟ್ಟುನಿಟ್ಟಾದುದು. ವಾರಕ್ಕೊಮ್ಮೆ 150 ಕೀರ್ತನೆಗಳೂ ಮುಗಿಯಲೇಬೇಕು. ಆದರೂ ಅದರ 43ನೆಯ ಅಧ್ಯಾಯದಲ್ಲಿ ತಡವಾಗಿ ಬರುವವರ ಬಗ್ಗೆ ಅವರು ಮಾಡಿರುವ ಏರ್ಪಾಡನ್ನು ನೋಡಿ. ರಾತ್ರಿಯ ಪ್ರಾರ್ಥನೆಯ ಆರಂಭದಲ್ಲಿ ಬರುವ ಕೀರ್ತನೆಯನ್ನು, ನಮ್ಮ ಸತ್ಯವೇದದಲ್ಲಿ 95ನೆಯದನ್ನು, ಬೇಕೆಂದೇ ನಿಧಾನವಾಗಿ ಎಳೆದು ಹೇಳಬೇಕು. ನಿದ್ದೆಯಿಂದ ಎದ್ದು ಬರುತ್ತಿರುವವನು ಅಷ್ಟರಲ್ಲಿ ಬಂದು ಸೇರಿಕೊಳ್ಳಲಿ. ಅದೂ ಮುಗಿದ ಮೇಲೆ ಬಂದವನು ತನ್ನ ಎಂದಿನ ಸ್ಥಳದಲ್ಲಿ ನಿಲ್ಲುವಂತಿಲ್ಲ, ಕೊನೆಯಲ್ಲಿ ನಿಲ್ಲಬೇಕು. ಆದರೆ ಒಳಗೇ ಬರಬೇಕು. ಹೊರಗೆ ಬಿಟ್ಟರೆ ಒಬ್ಬ ಮತ್ತೆ ಹೋಗಿ ಮಲಗಿಯಾನು, ಇನ್ನೊಬ್ಬ ಕುಳಿತು ಹರಟೆ ಹೊಡೆದಾನು, ಒಳಗೆ ಬಂದರೆ ಎಲ್ಲವನ್ನೂ ಕಳೆದುಕೊಳ್ಳುವುದಿಲ್ಲ ಎಂಬುದು ಅವರು ಕೊಡುವ ಕಾರಣ. ಮನುಷ್ಯರನ್ನು ಹತ್ತಿರದಿಂದ ಬಲ್ಲವರು ಮಾತ್ರ ಬರೆಯಬಹುದಾದ ಮಾತಿದು. ಶಾಶ್ವತವಾದ ಬೆಳವಣಿಗೆಗೆ ಬೇಕಾದುದು ಎಂದೂ ತಪ್ಪದ ಶಿಸ್ತಲ್ಲ, ತಪ್ಪಿದ ಮರುದಿನ ಒಳಗೆ ಬರಲು ಮೊದಲೇ ತೆರೆದಿಟ್ಟ ಬಾಗಿಲು.

ಆದ್ದರಿಂದ ನನ್ನ ಸಲಹೆ ಇಷ್ಟು. ದಿನಕ್ಕೆ ಒಂದು ಅಧ್ಯಾಯ ಓದಿ. ಇಡೀ ಸತ್ಯವೇದಕ್ಕೆ ಮೂರು ವರ್ಷ ಮೂರು ತಿಂಗಳು ಹಿಡಿಯುತ್ತದೆ, ಹಿಡಿಯಲಿ. ತಪ್ಪಿದ ದಿನಗಳನ್ನು ಲೆಕ್ಕವಿಡಬೇಡಿ, ಪುಟದ ಗುರುತು ಎಲ್ಲಿದೆಯೋ ಅಲ್ಲಿಂದಲೇ ಮುಂದುವರಿಯಿರಿ. ಒಂದು ಗಂಟೆಯ ಪ್ರಾರ್ಥನೆಯನ್ನು ಹದಿನೈದು ನಿಮಿಷಕ್ಕೆ ಇಳಿಸಿ. ಉಪವಾಸವನ್ನು ಸದ್ಯಕ್ಕೆ ಕೈಬಿಡಿ. ರೋಗಿಯನ್ನು ಎತ್ತಿ ಕೂರಿಸುವ ಕೈಗಳಿಗೆ ಬಲ ಬೇಕು.

ಮೊಣಕಾಲೂರಿದಾಗ ತಾಯಿಯವರು ಕರೆಯುತ್ತಾರೆಂದು ನೀವು ಬರೆದ ಸಾಲಿನಲ್ಲಿ ಬೇಸರವೂ ಇದೆ, ಬೇಸರಪಟ್ಟೆನಲ್ಲಾ ಎಂಬ ನಾಚಿಕೆಯೂ ಇದೆ. 1633ರಲ್ಲಿ ಫ್ರಾನ್ಸಿನಲ್ಲಿ ಲೂಯಿಸ್ ದ ಮರಿಯಾಕ್ ಅವರೊಂದಿಗೆ ಬಡರೋಗಿಗಳ ಸೇವೆಗೆಂದು ಸಹೋದರಿಯರ ಸಂಘವನ್ನು ಕಟ್ಟಿದ ವಿನ್ಸೆಂಟ್ ದ ಪೌಲ್ ಅವರಿಗೆ ಇದೇ ತೊಂದರೆ ಎದುರಾಯಿತು. ಪ್ರಾರ್ಥನೆಯ ಹೊತ್ತಿನಲ್ಲಿ ರೋಗಿಯ ಕರೆ ಬಂದರೆ ಎದ್ದುಹೋಗಿರಿ, ಅದು ದೇವರಿಗಾಗಿಯೇ ದೇವರನ್ನು ಬಿಟ್ಟುಹೋಗುವುದು ಎಂದು ಅವರು ಆ ಸಹೋದರಿಯರಿಗೆ ಹೇಳಿಕೊಟ್ಟರು. ಆದರೆ ಅದೇ ವಿನ್ಸೆಂಟರು ಪ್ರಾರ್ಥನೆಯನ್ನು ಬಿಡಲು ಅವರಿಗೆ ಅನುಮತಿ ಕೊಡಲಿಲ್ಲ ಎಂಬುದನ್ನೂ ಸೇರಿಸಬೇಕು. ತಾಯಿಯವರಿಗೆ ನೀರು ಕುಡಿಸಿ, ದಿಂಬು ಸರಿಪಡಿಸಿ ಬಂದ ಮೇಲೆ ಅರ್ಧಕ್ಕೆ ನಿಂತ ವಾಕ್ಯದಿಂದಲೇ ಶುರುಮಾಡಿ. ಇವತ್ತಿನದು ಕೆಟ್ಟಿತು, ನಾಳೆ ನೋಡೋಣ ಎಂದು ಏಳಬೇಡಿ.

ಬೆಳೆಯುತ್ತಿದ್ದೇನೆಂದು ತಿಳಿಯುವುದು ಹೇಗೆ? ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಪೌಲನು ಹೇಳುವ ಆತ್ಮನ ಫಲದಲ್ಲಿ ಪ್ರೀತಿ, ದೀರ್ಘಶಾಂತಿ, ದಯೆ ಇವೆಯೇ ಹೊರತು ಓದಿದ ಅಧ್ಯಾಯಗಳ ಸಂಖ್ಯೆ ಇಲ್ಲ. ಈ ಗುಣಗಳಿಗೆಲ್ಲ ಎದುರಿಗೊಬ್ಬ ಮನುಷ್ಯ ಬೇಕು, ಆದ್ದರಿಂದ ಅಳೆಯುವುದಕ್ಕೂ ಇನ್ನೊಬ್ಬರ ಕಣ್ಣು ಬೇಕು. ಅಮೆರಿಕದ ದೇವಶಾಸ್ತ್ರಜ್ಞ ಜೊನಾಥನ್ ಎಡ್ವರ್ಡ್ಸ್ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, 1722-23ರಲ್ಲಿ, 70 ಸಂಕಲ್ಪಗಳನ್ನು ಬರೆದುಕೊಂಡು ವಾರಕ್ಕೊಮ್ಮೆ ಓದಬೇಕೆಂದು ಗೊತ್ತುಮಾಡಿಕೊಂಡರು. ದೇವರ ಸಹಾಯವಿಲ್ಲದೆ ನನ್ನಿಂದ ಏನೂ ಆಗದು ಎಂದು ಅದರ ತಲೆಯಲ್ಲೇ ಬರೆದರು. ಆತ್ಮಪರೀಕ್ಷೆಯಲ್ಲಿ ಅವರನ್ನು ಮೀರಿಸುವವರು ವಿರಳ. ಅದೇ ಎಡ್ವರ್ಡ್ಸ್ 1731ರಲ್ಲಿ ಹದಿನಾಲ್ಕು ವರ್ಷದ ಆಫ್ರಿಕನ್ ಹುಡುಗಿಯೊಬ್ಬಳನ್ನು ಹಣ ಕೊಟ್ಟು ಗುಲಾಮಳಾಗಿ ಕೊಂಡರು. ಒಬ್ಬನೇ ಕುಳಿತು ತನ್ನನ್ನು ಎಷ್ಟು ಶೋಧಿಸಿಕೊಂಡರೂ ಕಾಣದೆ ಉಳಿಯುವುದು ಇರುತ್ತದೆ. ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಚಳವಳಿಯನ್ನು ನಡೆಸಿದ ಜಾನ್ ವೆಸ್ಲಿಯವರು 1742ರಿಂದ ತಮ್ಮ ಅನುಯಾಯಿಗಳನ್ನು ಸುಮಾರು ಹನ್ನೆರಡು ಜನರ ಗುಂಪುಗಳಾಗಿ ಮಾಡಿ, ನಿನ್ನ ಆತ್ಮ ಹೇಗಿದೆ ಎಂದು ವಾರವಾರವೂ ಕೇಳಿಸಿದ್ದು ಅದಕ್ಕೇ. ನಿಮಗೆ ಹನ್ನೆರಡು ಜನ ಬೇಡ; ಮುಲಾಜಿಲ್ಲದೆ ಸತ್ಯ ಹೇಳುವ ಒಬ್ಬ ಸಹೋದರಿ ಸಾಕು. ಮೂರು ತಿಂಗಳಿಗೊಮ್ಮೆ ಅವರನ್ನು ಕೇಳಿ: ನಾನು ಮೊದಲಿಗಿಂತ ಬೇಗ ಸಿಡುಕುತ್ತಿದ್ದೇನೆಯೇ, ತಡವಾಗಿಯೇ?

ಇನ್ನು ಯಾಜಕಕಾಂಡ. ಅದನ್ನು ಪೂರ್ತಿ ಬಿಡಬೇಡಿ, ಆದರೆ ಕ್ರಮವನ್ನು ಮುರಿದು 19ನೆಯ ಅಧ್ಯಾಯವನ್ನು ಮೊದಲು ಓದಿ. ಹೊಲದ ಅಂಚಿನ ಪೈರನ್ನು ಬಡವನಿಗೆ ಬಿಡು, ಕೂಲಿಯವನ ಕೂಲಿಯನ್ನು ಮರುದಿನ ಬೆಳಿಗ್ಗೆಯವರೆಗೆ ಇಟ್ಟುಕೊಳ್ಳಬೇಡ, ನರೆಗೂದಲಿನವರ ಮುಂದೆ ಎದ್ದು ನಿಲ್ಲು ಎಂಬ ಆಜ್ಞೆಗಳು ಅಲ್ಲಿವೆ. ಯೇಸು ಸ್ವಾಮಿ ಎರಡನೆಯ ಮುಖ್ಯ ಆಜ್ಞೆಯೆಂದು ಎತ್ತಿ ಹೇಳಿದ, ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತೂ ಅದರ 18ನೆಯ ವಚನದಲ್ಲೇ ಇದೆ. ತಾಯಿಯವರಿಗೆ ಕೇಳುವಂತೆ ಅದನ್ನು ಗಟ್ಟಿಯಾಗಿ ಓದಿ, ಆಮೇಲೆ ಹಿಂದಿನ ಅಧ್ಯಾಯಗಳಿಗೆ ಬನ್ನಿ.

ಕ್ರಿಸ್ತನ ಸೇವೆಯಲ್ಲಿ,
ಸಂಪಾದಕ