ಇಲೆವೆನ್ ಪ್ಲಸ್‌ಗೆ ಮಗಳನ್ನು ಕೂರಿಸಬೇಕಾ?

ನಮಸ್ಕಾರ. ಇಂಗ್ಲೆಂಡ್‌ನ ಸ್ಲೌಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಮಗಳು ಇಯರ್ ಫೋರ್ (ಎಂಟು-ಒಂಬತ್ತು ವರ್ಷದ ಮಕ್ಕಳ ತರಗತಿ), ಸಿಕ್ಕವರೆಲ್ಲ "ಟ್ಯೂಷನ್ ಶುರು ಮಾಡಿದ್ರಾ?" ಅಂತ ಕೇಳುತ್ತಾರೆ ಎಂದು ಬರೆದಿದ್ದೀರಿ. ವೀಸಾದಲ್ಲಿರುವ ನಮ್ಮ ಮಕ್ಕಳಿಗೆ ಗ್ರಾಮರ್ ಸ್ಕೂಲಿನಲ್ಲಿ ಸೀಟು ಸಿಗುತ್ತಾ, ಅಲ್ಲಿಗೆ ಮಕ್ಕಳನ್ನು ಆರಿಸುವ ಈ ಇಲೆವೆನ್ ಪ್ಲಸ್ ಪರೀಕ್ಷೆಯಲ್ಲಿ ನ್ಯಾಯ ಇದೆಯಾ ಅನ್ನುವುದು ನಿಮ್ಮ ಪ್ರಶ್ನೆ.

ಸೀಟು ಸಿಗುತ್ತದೆ. ಗ್ರಾಮರ್ ಸ್ಕೂಲು ಸರ್ಕಾರಿ ಶಾಲೆಯೇ, ಫೀಸ್ ಇಲ್ಲ. ಡಿಪೆಂಡೆಂಟ್ ವೀಸಾದ ಮಕ್ಕಳೂ ಅರ್ಜಿ ಹಾಕಬಹುದು.

ನ್ಯಾಯದ ಮಾತು ಅಷ್ಟು ಸಲೀಸಲ್ಲ. ಪರೀಕ್ಷೆ ಕೋಣೆಯೊಳಗೆ ಮೋಸ ಕಾಣುವುದಿಲ್ಲ. ಮಗುವಿನ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅಂಕ ಸರಿಹೊಂದಿಸುತ್ತಾರೆ. ಇಲ್ಲಿ ಶಾಲೆಯ ವಯಸ್ಸನ್ನು ಸೆಪ್ಟೆಂಬರ್ 1ರಿಂದ ಎಣಿಸುವುದರಿಂದ, ಆಗಸ್ಟ್‌ನಲ್ಲಿ ಹುಟ್ಟಿದ ಮಗು ಅದೇ ತರಗತಿಯ ಸೆಪ್ಟೆಂಬರ್ ಮಗುವಿಗಿಂತ ಹೆಚ್ಚುಕಡಿಮೆ ಒಂದು ವರ್ಷ ಚಿಕ್ಕದಿರುತ್ತದೆ. ಅದನ್ನು ಯೋಚಿಸಿದ್ದಾರೆ, ಒಳ್ಳೆಯದೇ.

ಅನ್ಯಾಯ ಇರುವುದು ಅದಕ್ಕೂ ಹಿಂದಿನ ಎರಡು ವರ್ಷಗಳಲ್ಲಿ. ಪರೀಕ್ಷೆಯಲ್ಲಿ ಬರುವ ವರ್ಬಲ್ ರೀಸನಿಂಗ್ (ಪದಗಳ ಒಗಟು), ನಾನ್ ವರ್ಬಲ್ ರೀಸನಿಂಗ್ (ಚಿತ್ರ, ಆಕಾರಗಳ ಒಗಟು) ಪ್ರೈಮರಿ ಶಾಲೆಯ ಪಾಠದಲ್ಲಿಲ್ಲ. ಮನೆಯಲ್ಲಿ ಯಾರಾದರೂ ಕೂತು ಹೇಳಿಕೊಡಬೇಕು, ಇಲ್ಲವೇ ದುಡ್ಡು ಕೊಟ್ಟು ಕಲಿಸಬೇಕು. ನನ್ನ ಮಗ ಮೊದಲ ಅಭ್ಯಾಸದ ಪೇಪರ್ ಬರೆದಾಗ ಪಕ್ಕದಲ್ಲೇ ಕೂತಿದ್ದೆ. ಉತ್ತರಕ್ಕೆ ಬೇರೆ ಹಾಳೆ, ಪುಟ್ಟ ಪುಟ್ಟ ಚೌಕ, ಪೆನ್ಸಿಲ್‌ನಲ್ಲಿ ಗೆರೆ ಎಳೆಯಬೇಕು. ಗೊತ್ತಾಗದ ಒಂದು ಪ್ರಶ್ನೆ ಬಿಟ್ಟ, ಮುಂದಿನ ಉತ್ತರವನ್ನು ಆ ಖಾಲಿ ಸಾಲಿನಲ್ಲೇ ಗುರುತು ಮಾಡಿದ. ಅಲ್ಲಿಂದ ಕೆಳಗಿನದೆಲ್ಲ ಒಂದೊಂದು ಸಾಲು ಮೇಲಕ್ಕೆ. ಲೆಕ್ಕವೆಲ್ಲ ಸರಿ, ಅಂಕ ಮಾತ್ರ ಇಲ್ಲ. ಮೂರ್ನಾಲ್ಕು ಪೇಪರ್ ಆದಮೇಲೆ ಸರಿಹೋಯಿತು. ಆ ಮೂರ್ನಾಲ್ಕು ಪೇಪರ್ ಮನೆಯಲ್ಲಿ ಸಿಗದ ಮಗು ಏನು ಮಾಡಬೇಕು ಹೇಳಿ? ಫ್ರೀ ಸ್ಕೂಲ್ ಮೀಲ್ ಪಡೆಯುವ ಬಡ ಮನೆಯ ಮಕ್ಕಳು ಗ್ರಾಮರ್ ಶಾಲೆಗಳಲ್ಲಿ ತೀರಾ ಕಡಿಮೆ ಇರುವುದು ಸುಮ್ನೆ ಅಲ್ಲ. ಈಗ ಹಲವು ಗ್ರಾಮರ್ ಶಾಲೆಗಳು ಅವರಿಗೆ ಆದ್ಯತೆ ಕೊಡುತ್ತಿವೆ, ಆದರೂ ಸಾಲದು. ನಮ್ಮ ನವೋದಯದಲ್ಲಿ ಕನಿಷ್ಠ 75% ಸೀಟು ಹಳ್ಳಿ ಮಕ್ಕಳಿಗೇ ಅಂತ ನಿಯಮ ಇದೆಯಲ್ಲ, ಅಷ್ಟು ಗಟ್ಟಿಯಾದದ್ದು ಇಲ್ಲಿಲ್ಲ.

ಇನ್ನೊಂದು, ಮನೆ ಎಲ್ಲಿದೆ ಅನ್ನುವುದೇ ಅರ್ಧ ಪರೀಕ್ಷೆ. 1944ರ ಕಾಯ್ದೆಯ ನಂತರ ದೇಶದ ಬಹುತೇಕ ಕಡೆ ಹನ್ನೊಂದನೇ ವಯಸ್ಸಿಗೇ ಪರೀಕ್ಷೆ ಮಾಡಿ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ವಿಂಗಡಿಸುತ್ತಿದ್ದರು. 1965ರಲ್ಲಿ ಸರ್ಕಾರ ಅದನ್ನು ಬಿಟ್ಟು ಎಲ್ಲರಿಗೂ ಒಂದೇ ತರಹದ ಕಾಂಪ್ರಿಹೆನ್ಸಿವ್ ಶಾಲೆ ಮಾಡಿ ಅಂತ ಕೌನ್ಸಿಲ್‌ಗಳಿಗೆ (ಸ್ಥಳೀಯ ಆಡಳಿತಗಳಿಗೆ) ಹೇಳಿತು. ಕೆಲವು ಕಡೆ ಒಪ್ಪಲಿಲ್ಲ. ಹಾಗೆ ಉಳಿದ ಗ್ರಾಮರ್ ಶಾಲೆಗಳು ಇಂಗ್ಲೆಂಡ್‌ನಲ್ಲಿ 163. 1998ರ ಕಾಯ್ದೆ ಪ್ರಕಾರ ಹೊಸದು ತೆರೆಯುವಂತಿಲ್ಲ. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಬೇಕಾದಷ್ಟಿವೆ, ಎಷ್ಟೋ ಕೌಂಟಿಗಳಲ್ಲಿ ಒಂದೂ ಇಲ್ಲ. ವೇಲ್ಸ್, ಸ್ಕಾಟ್ಲೆಂಡ್‌ನಲ್ಲಂತೂ ಇಲ್ಲವೇ ಇಲ್ಲ. ಅಲ್ಲಿನ ಮಕ್ಕಳೂ ಡಾಕ್ಟರು, ಎಂಜಿನಿಯರು ಆಗುತ್ತಿದ್ದಾರೆ ಅಲ್ವಾ?

ಹಾಗಂತ ಕೂರಿಸಬೇಡಿ ಅನ್ನುವುದಿಲ್ಲ. ಶಾಲೆ ಹತ್ತಿರದಲ್ಲೇ ಇದೆ, ಮಗಳಿಗೂ ಇಂಥ ಒಗಟುಗಳು ಇಷ್ಟ ಅಂದರೆ ಬರೆಯಲಿ. ನಮ್ಮ ಮಕ್ಕಳಿಗೆ ಗಣಿತ ಅಷ್ಟು ಕಾಡುವುದಿಲ್ಲ, ಇಂಗ್ಲಿಷ್ ಪದಗಳು ಕಾಡುತ್ತವೆ. ಪದಗಳ ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಲೈಬ್ರರಿಗೆ ಕರೆದುಕೊಂಡು ಹೋಗಿ, ದಿನಾ ಕಥೆ ಓದಲಿ. ಇದಕ್ಕಾಗಿ ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ, ದಯವಿಟ್ಟು. ನಮಗೊಂದು ಟ್ಯೂಷನ್ ಸೆಂಟರ್‌ನವರು "ಈಗಲೇ ತಡ ಆಯ್ತು" ಅಂತ ಹೆದರಿಸಿದ್ದರು. ಆಗ ಮಗನಿಗೆ ಎಂಟು ವರ್ಷ! ಅಂಥವರ ಮಾತಿಗೆ ಕಿವಿ ಕೊಡಬೇಡಿ. ಮಗಳು ಪೇಪರ್ ನೋಡಿದರೆ ಅಳುತ್ತಾಳೆ, ನಿದ್ದೆ ಕೆಡುತ್ತಿದೆ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಹತ್ತು ವರ್ಷದ ಮಗು ತಾನು ದಡ್ಡಿ ಅಂತ ನಂಬಿಕೊಂಡರೆ ಅದನ್ನು ಬಿಡಿಸುವುದು ತುಂಬಾ ಕಷ್ಟ.

ತಾರೀಖುಗಳು ಮುಖ್ಯ. ಇಯರ್ ಫೈವ್ ಮುಗಿಯುವ ಮುಂಚೆಯೇ ಹೆಸರು ನೋಂದಾಯಿಸಬೇಕು. ಪರೀಕ್ಷೆ ಇಯರ್ ಸಿಕ್ಸ್ ಸೆಪ್ಟೆಂಬರ್‌ನಲ್ಲಿ, ಫಲಿತಾಂಶ ಅಕ್ಟೋಬರ್‌ನಲ್ಲಿ. ಸ್ಲೌನಲ್ಲಿ ಸರಿಹೊಂದಿಸಿದ ಅಂಕ 111 ಬಂದರೆ ಅರ್ಹತೆ, ಆದರೆ ಅರ್ಹರೆಲ್ಲರಿಗೂ ಸೀಟಿಲ್ಲ. ಬೇಕಾದ ಶಾಲೆಗಳನ್ನು ಸಾಲಾಗಿ ಬರೆದುಕೊಡುವ ಕೌನ್ಸಿಲ್ ಫಾರಂಗೆ ಅಕ್ಟೋಬರ್ 31 ಕೊನೆ. ನೀವು ಯಾವ ಶಾಲೆಯನ್ನು ಎಷ್ಟನೆಯದಾಗಿ ಹಾಕಿದ್ದೀರಿ ಅನ್ನುವುದು ಶಾಲೆಯವರಿಗೆ ಕಾಣುವುದಿಲ್ಲ, ಹಾಗಾಗಿ ಗ್ರಾಮರ್ ಮೊದಲು ಬರೆದರೆ ನಷ್ಟವಿಲ್ಲ. ಆದರೆ ಹತ್ತಿರದ ಕಾಂಪ್ರಿಹೆನ್ಸಿವ್ ಹೆಸರನ್ನೂ ತಪ್ಪದೆ ಬರೆಯಿರಿ. ಬಿಟ್ಟರೆ, ಸೀಟು ತಿಳಿಸುವ ಮಾರ್ಚ್ 1ಕ್ಕೆ ಎಲ್ಲೋ ದೂರದ, ಯಾರಿಗೂ ಬೇಡವಾದ ಶಾಲೆಗೆ ಹಾಕಬಹುದು. ಆ ಕಾಂಪ್ರಿಹೆನ್ಸಿವ್ ಶಾಲೆಯ ಓಪನ್ ಈವನಿಂಗ್‌ಗೆ (ಶಾಲೆ ನೋಡಲು ಕರೆಯುವ ಸಂಜೆ) ಮಗಳನ್ನೂ ಕರೆದುಕೊಂಡು ಹೋಗಿ.