ನಿದ್ದೆಗೆಡಿಸಿದರೆ ಪ್ರಯೋಗಾಲಯದ ಇಲಿಗಳು ಭಯವನ್ನು ಮರೆಯುತ್ತವೆಯೇ?

ಎಲ್ಲ ಭಯವನ್ನೂ ಮರೆಯುವುದಿಲ್ಲ. ಪ್ರಯೋಗದಲ್ಲಿ ಇಲಿಯನ್ನು ಹೊಸ ಪೆಟ್ಟಿಗೆಯೊಳಗೆ ಬಿಟ್ಟು, ಒಂದು ಸದ್ದು ಕೇಳಿಸಿ, ಅದರ ಕೊನೆಗೆ ಪಾದಕ್ಕೆ ಸಣ್ಣ ವಿದ್ಯುತ್ ಆಘಾತ ಕೊಡುತ್ತಾರೆ. ಬಳಿಕ ಕೆಲವು ಇಲಿಗಳಿಗೆ 5 ಗಂಟೆ ನಿದ್ದೆ ಮಾಡಲು ಬಿಡುವುದಿಲ್ಲ. ಮರುದಿನ ಅದೇ ಪೆಟ್ಟಿಗೆಗೆ ಹಾಕಿದಾಗ, ಚೆನ್ನಾಗಿ ಮಲಗಿದ್ದ ಇಲಿ ಉಸಿರಾಟವೊಂದನ್ನು ಬಿಟ್ಟು ಮೈಯಲ್ಲಿ ಅಲುಗಾಟವೇ ಇಲ್ಲದಂತೆ ಮರಗಟ್ಟಿ ನಿಲ್ಲುತ್ತದೆ. ನಿದ್ದೆಗೆಟ್ಟ ಇಲಿ ಅಷ್ಟು ಹೊತ್ತು ಹಾಗೆ ನಿಲ್ಲುವುದಿಲ್ಲ. ಆದರೆ ಬೇರೊಂದು ಜಾಗದಲ್ಲಿ ಆ ಸದ್ದನ್ನು ಕೇಳಿಸಿದರೆ ಎರಡೂ ಸರಿಸುಮಾರು ಒಂದೇ ರೀತಿ ಹೆದರುತ್ತವೆ!

ಜಾಗದ ನೆನಪಿಗೆ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಬೇಕು. ಸದ್ದಿನ ಭಯಕ್ಕೆ ಮುಖ್ಯವಾಗಿ ಅಮಿಗ್ಡಲಾ ಎಂಬ ಇನ್ನೊಂದು ಭಾಗ ಸಾಕು. ನಿದ್ದೆಗೇಡು ಜಾಗದ ನೆನಪನ್ನೇ ಹೆಚ್ಚು ಕಾಡುತ್ತದೆ. ನನಗೆ ಬಹಳ ಮುಖ್ಯವೆನಿಸುವುದು ಸಮಯದ ಪಾತ್ರ: ಕಲಿತು 5 ಗಂಟೆ ಕಳೆದ ಮೇಲೆ ಅಷ್ಟೇ ಹೊತ್ತು ನಿದ್ದೆಗೆಡಿಸಿದರೆ ಜಾಗದ ನೆನಪೂ ಉಳಿಯುತ್ತದೆ. ಹಾಗಾಗಿ ದಣಿವೊಂದನ್ನೇ ಕಾರಣವೆನ್ನಲಾಗದು.