ಓಡಿ ಓಡಿ ಊರಿಗೇನು ಬಂತು, ಮೇಷ್ಟ್ರೇ?

ಪ್ರಶ್ನೆ: 13 ವರ್ಷದ ನನ್ನ ಮಗಳು ತಾಲ್ಲೂಕು ಮಟ್ಟದ 800 ಮೀಟರ್ ಓಟದಲ್ಲಿ ಮೊದಲು ಬಂದಳು. ನಮ್ಮ ಮನೆಯವರು ‘ಓಡಿದವರಿಂದ ಯಾವ ಊರು ಉದ್ಧಾರ ಆಗಿದೆ?’ ಅಂತಾರೆ. ಏನು ಹೇಳಲಿ?
– ಒಬ್ಬ ತಾಯಿ, ಕಡೂರು

ಉತ್ತರ: ತಾಯಿ, ತೆಗ್ಲಾ ಲೊರೂಪೆ ಅವರ ಕಥೆ ಹೇಳಿ.

ಕೀನ್ಯಾದ ಪೊಕೋಟ್ ಜನಾಂಗದವರು. ದನ ಸಾಕುವ ಮನೆ. ಶಾಲೆಗೆ ಹೋಗೋದೂ ಓಡಿಕೊಂಡೇ, ಅದೂ ಬರಿಗಾಲಲ್ಲಿ. ಹೆಣ್ಣುಮಗಳಿಗೆ ಓಟ ಯಾಕೆ ಅಂದವರು ಸ್ವಂತ ತಂದೆ. 1994ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ಆಫ್ರಿಕಾದ ಹೆಣ್ಣುಮಗಳು ಅದನ್ನು ಗೆದ್ದದ್ದು ಅದೇ ಮೊದಲು. 1998ರಲ್ಲಿ ಮಹಿಳೆಯರ ಮ್ಯಾರಥಾನ್‌ನಲ್ಲಿ ವಿಶ್ವದಾಖಲೆ. ಮರುವರ್ಷ ಬರ್ಲಿನ್‌ನಲ್ಲಿ ಅದನ್ನೂ 4 ಸೆಕೆಂಡ್ ಇಳಿಸಿದರು.

ಇಷ್ಟೇ ಆಗಿದ್ದರೆ ನಿಮ್ಮ ಮನೆಯವರ ಮಾತಿಗೆ ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ.

ತೆಗ್ಲಾ ಅವರ ಸೀಮೆಯಲ್ಲಿ ದನವೇ ಆಸ್ತಿ. ಮದುವೆಗೆ ತೆರ ಕೊಡಬೇಕೆಂದರೂ ದನವೇ ಬೇಕು. ಮಳೆ ಕೈಕೊಟ್ಟರೆ ಹುಲ್ಲಿಗೂ ನೀರಿಗೂ ಹೊಡೆದಾಟ. ಪೊಕೋಟ್, ತುರ್ಕಾನಾ, ಮರಕ್ವೆಟ್ ಜನ ಒಬ್ಬರ ದನ ಒಬ್ಬರು ಹೊಡೆದುಕೊಂಡು ಹೋಗುತ್ತಾರೆ. ಮೊದಲು ಈಟಿ ಇತ್ತು, ಆಮೇಲೆ ಬಂದೂಕು ಬಂತು. ಹೆಣಗಳು ಬಿದ್ದವು.

ತೆಗ್ಲಾ 2003ರಲ್ಲಿ ಶಾಂತಿ ಪ್ರತಿಷ್ಠಾನ ಕಟ್ಟಿ, ಓಟಗಳನ್ನು ಏರ್ಪಡಿಸಿದರು. ಕರೆದದ್ದು ಯಾರನ್ನು ಗೊತ್ತಾ? ಆ ಬಂದೂಕು ಹಿಡಿದವರನ್ನೇ! 2006ರಲ್ಲಿ ಆ ಸೀಮೆಯ ಕಪೆಂಗುರಿಯಾ ಪಟ್ಟಣದಲ್ಲಿ ಆರು ಬುಡಕಟ್ಟುಗಳ ಸುಮಾರು 2000 ಯೋಧರು ಒಟ್ಟಿಗೆ ಓಡಿದರು. ಇದು ನನಗೆ ವಿಶ್ವದಾಖಲೆಗಿಂತ ದೊಡ್ಡದು. ಶಾಂತಿ ಸಭೆ ಕರೆದರೆ ಹಿರಿಯರು ಬಂದು ಮಾತಾಡಿ ಹೋಗುತ್ತಾರೆ. ದನ ಹೊಡೆಯೋದು ಹುಡುಗರು ಅಲ್ವಾ? ಓಟಕ್ಕೆ ಕರೆದರೆ ಹುಡುಗರೇ ಬರುತ್ತಾರೆ. ನಾನು 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ಮಾತು ಬಿಟ್ಟಿದ್ದ ಎರಡು ಕೇರಿಯ ಹುಡುಗರನ್ನು ಒಂದೇ ರಿಲೇ ತಂಡಕ್ಕೆ ಹಾಕಿದ್ದೆ. ಬ್ಯಾಟನ್ ಬೇಕೆಂದರೆ ಕೈ ಚಾಚಲೇಬೇಕು.

ದನದ ದಾಳಿ ಅಲ್ಲಿ ಪೂರ್ತಿ ನಿಂತಿಲ್ಲ, ಅದನ್ನೂ ಹೇಳಬೇಕು. ಆದರೂ ತೆಗ್ಲಾ ಕೈಬಿಡಲಿಲ್ಲ. ಕಪೆಂಗುರಿಯಾದಲ್ಲಿ ಮಕ್ಕಳಿಗೆ ಶಾಲೆ ತೆರೆದರು. ಕೀನ್ಯಾದಲ್ಲೇ ಇರುವ ಕಾಕುಮಾ ನಿರಾಶ್ರಿತರ ಶಿಬಿರಕ್ಕೆ ಹೋಗಿ ಓಟಗಾರರನ್ನು ಹುಡುಕಿದರು. ನೈರೋಬಿ ಹತ್ತಿರದ ಎನ್‌ಗಾಂಗ್‌ನಲ್ಲಿ ತರಬೇತಿ ಕೊಡಿಸಿದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ನಿರಾಶ್ರಿತರ ತಂಡದಲ್ಲಿದ್ದವರು 10 ಮಂದಿ. ಅವರಲ್ಲಿ 5 ಜನ ದಕ್ಷಿಣ ಸುಡಾನ್‌ನಿಂದ ಓಡಿಬಂದು ಆ ಶಿಬಿರದಲ್ಲಿ ಬೆಳೆದವರು. ಬಾವುಟ ಹಿಡಿದು ಮುಂದೆ ನಡೆದ ರೋಸ್ ನಥಿಕೆ ಲೊಕೊನ್ಯೆನ್ ಓಡಿದ್ದು ನಿಮ್ಮ ಮಗಳ ಓಟವನ್ನೇ, 800 ಮೀಟರ್. ಪದಕ ಬರಲಿಲ್ಲ. ಆದರೆ ಕಾಕುಮಾದಲ್ಲಿ ಕೂತ ಮಕ್ಕಳಿಗೆ ತಮ್ಮ ಶಿಬಿರದ ಹುಡುಗಿ ಅಲ್ಲಿ ಕಂಡಳಲ್ಲ!

ಮಗಳಿಗೆ ಈಗಲೇ ಜಾಸ್ತಿ ದೂರ ಓಡಿಸಬೇಡಿ. ವಾರಕ್ಕೆ ಎರಡು ದಿನ ಪೂರ್ತಿ ವಿಶ್ರಾಂತಿ ಕೊಡಿ. ಅವಳ ಪಾದದ ಅಳತೆ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಜಿಲ್ಲಾ ಮಟ್ಟದ ಓಟಕ್ಕೆ ಶೂ ನನ್ನದು.